ಉಂಡು ಮಲಗಿದ ಮೇಲೆ

'ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ' ಎಂಬ ಗಾದೆಯನ್ನು ಯಾರು ಕಟ್ಟಿದರೋ ತಿಳಿಯದು. ಕಟ್ಟಿದವರು ಗಂಡಸೋ ಹೆಂಗಸೋ, ಅದೂ ತಿಳಿಯದು. ಆದರೆ ಇವತ್ತಿಗೂ ಅದನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು ಓಡಾಡುವವರು ಹೆಚ್ಚಾಗಿ ನಾವೇ, ಹೆಂಗಸರು. ಪಕ್ಕದ ಮನೆಯಿಂದ ಪಾತ್ರೆ ಬಿದ್ದ ಸದ್ದು, ಅದರ ಹಿಂದೆಯೇ ಒಂದು ಚೀರು ಕೇಳಿತೆನ್ನಿ. ನಾವು ಟಿ.ವಿ.ಯ ಧ್ವನಿಯನ್ನು ಒಂದಿಷ್ಟು ಏರಿಸಿ, ಗಾದೆಯನ್ನು ಒಮ್ಮೆ ಹೇಳಿಕೊಂಡು, ಒಗ್ಗರಣೆಗೆ ಸಾಸಿವೆ ಹಾಕುತ್ತೇವೆ. ಸಾಸಿವೆ ಸಿಡಿಯುವ ಸದ್ದಿನಲ್ಲಿ ಉಳಿದದ್ದು ಕೇಳಿಸುವುದಿಲ್ಲ. ಬೆಳಿಗ್ಗೆ ಆ ಮನೆಯಾಕೆ ರಂಗೋಲಿ ಹಾಕಲು ಬಂದಾಗ ಕಣ್ಣಿನ ಕೆಳಗೆ ಕಪ್ಪಾಗಿದ್ದರೆ, 'ಬಚ್ಚಲಲ್ಲಿ ಜಾರಿದೆ ಕಣ್ರೀ' ಎಂಬ ಅವಳ ಮಾತನ್ನು ನಂಬಿದವರಂತೆ ತಲೆಯಾಡಿಸುತ್ತೇವೆ. ನಮ್ಮ ಊರುಗಳ ಬಚ್ಚಲುಮನೆಗಳಷ್ಟು ಜಾರುವ ಬಚ್ಚಲುಮನೆಗಳು ಲೋಕದಲ್ಲೇ ಇರಲಾರವು!

ಈ ಗಾದೆಯ ಮೇಲೆ ನನ್ನ ತಕರಾರು ಸರಳವಾದದ್ದು. ಉಂಡಾಯಿತು, ಮಲಗಿಯೂ ಆಯಿತು. ಜಗಳ ಆಮೇಲೆಯೇ ಶುರುವಾಗುವ ಮನೆಗಳಿಗೆ ಯಾವ ಗಾದೆ? ಅನ್ನದ ತಟ್ಟೆ ಗೋಡೆಗೆ ಬಡಿದು, ಉಣ್ಣುವ ಮಾತೇ ಇಲ್ಲದ ಮನೆಗಳಿಗೆ? ಜಗಳ ಎಂದರೆ ಇಬ್ಬರು ಆಡುವುದು. ಒಬ್ಬ ಹೊಡೆದು ಇನ್ನೊಬ್ಬಳು ಹೊಡೆಸಿಕೊಳ್ಳುವುದಕ್ಕೂ ಜಗಳವೆಂದೇ ಹೆಸರಿಟ್ಟರೆ ಅರ್ಧ ತಪ್ಪು ಅವಳ ಲೆಕ್ಕಕ್ಕೆ ಹೋಗುತ್ತದೆ. ಗಾದೆಯ ಚಮತ್ಕಾರ ಇರುವುದು ಇಲ್ಲೇ.

'ಅದೆಲ್ಲ ಕುಡುಕರ ಮನೆಯ ಕಥೆ, ಮರ್ಯಾದಸ್ಥರಲ್ಲಿ ಎಲ್ಲಿದೆ?' ಎನ್ನುವವರು ಒಮ್ಮೆ ಲೆಕ್ಕ ನೋಡಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದ ವಿವಾಹಿತ ಹೆಣ್ಣುಮಕ್ಕಳಲ್ಲಿ ಶೇಕಡಾ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ಇಡೀ ದೇಶದ ಸರಾಸರಿ ಶೇ. 29.3. ನಮ್ಮ ರಾಜ್ಯದ್ದೇ 2015-16ರ ಅಂಕಿ 20.6 ಇತ್ತು. ಹೆಚ್ಚಿದ್ದು ಹಿಂಸೆಯೋ ಹೇಳಿಕೊಳ್ಳುವ ಧೈರ್ಯವೋ ಎಂಬುದನ್ನು ಪಂಡಿತರು ಚರ್ಚಿಸಲಿ. ನನ್ನನ್ನು ಬೆಚ್ಚಿಸಿದ್ದು ಅದೇ ಸಮೀಕ್ಷೆಯ ಇನ್ನೊಂದು ಅಂಕಿ. ಅಡುಗೆ ಸರಿಯಾಗಿ ಮಾಡದಿದ್ದರೆ, ಹೇಳದೆ ಹೊರಗೆ ಹೋದರೆ, ಎದುರು ಮಾತಾಡಿದರೆ, ಅತ್ತೆ ಮಾವಂದಿರಿಗೆ ಗೌರವ ಕೊಡದಿದ್ದರೆ - ಇಂಥ ಏಳು ಕಾರಣಗಳನ್ನು ಮುಂದಿಟ್ಟು 'ಗಂಡ ಹೊಡೆಯುವುದು ಸರಿಯೇ?' ಎಂದು ಕೇಳಿದ್ದರು. ಒಂದಲ್ಲ ಒಂದು ಕಾರಣಕ್ಕೆ 'ಸರಿ' ಎಂದ ಕರ್ನಾಟಕದ ಹೆಣ್ಣುಮಕ್ಕಳು ಶೇ. 76.9! ನಾಲ್ವರಲ್ಲಿ ಮೂವರಿಗಿಂತ ಹೆಚ್ಚು. ಗಾದೆ ಯಾರ ಬಾಯಲ್ಲಿ ಬದುಕಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ನಾನು ಬರೆಯಹೊರಟಿದ್ದು ಹೊಡೆತದ ಬಗ್ಗೆ ಅಲ್ಲ. ಹೊಡೆತದಿಂದ ತಪ್ಪಿಸಿಕೊಂಡು ಹೊರಗೆ ಬಂದವಳ ಬಗ್ಗೆ. ಅವಳು ಬಂದ ಮೇಲೆ ನಾವು ಅವಳಿಗೆ ಕೊಡುವ ಔಷಧಿಯ ಬಗ್ಗೆ. ಆ ಔಷಧಿಯ ಹೆಸರು 'ಮರೆತುಬಿಡು'.

ಇದನ್ನು ನಾನು ಹೊರಗೆ ನಿಂತು ನೋಡಿ ಬರೆಯುತ್ತಿಲ್ಲ. 1992ರಲ್ಲಿ ನನ್ನ ಮದುವೆಯಾಯಿತು. 2003ರ ಬೇಸಿಗೆ ರಜೆಯಲ್ಲಿ ಎಂಟು ವರ್ಷದ ಮಗಳ ಕೈಹಿಡಿದು ಆ ಮನೆಯಿಂದ ಹೊರಗೆ ಬಂದೆ. ನಡುವಿನ ಹನ್ನೊಂದು ವರ್ಷಗಳ ವಿವರವನ್ನು ಇಲ್ಲಿ ಬಿಡಿಸಿಡುವುದಿಲ್ಲ. ಅದನ್ನು ಓದಿ ನಿಮಗೆ ಆಗಬೇಕಾದ್ದೇನೂ ಇಲ್ಲ. ಒಂದನ್ನು ಮಾತ್ರ ಹೇಳುತ್ತೇನೆ, ಅದು ನಮ್ಮ ಪಟ್ಟಣದ ಅನೇಕ ಗೃಹಿಣಿಯರಿಗೂ ನೌಕರಿಯ ಹೆಣ್ಣುಮಕ್ಕಳಿಗೂ ಸಂಬಂಧಪಟ್ಟದ್ದು. ನಾನು ಆಗಲೇ ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕಿ. 'ಕೈಯಲ್ಲಿ ಕೆಲಸ ಇರೋಳಿಗೆ ಏನಮ್ಮ ಕಷ್ಟ?' ಎಂದು ಜನ ಕೇಳುತ್ತಿದ್ದರು. ಪ್ರತಿ ತಿಂಗಳು ಬ್ಯಾಂಕಿನಿಂದ ಹಣ ತೆಗೆಯುವ ಚೀಟಿಗೆ ಬರೀ ಸಹಿ ಹಾಕಿ ಕೊಡುತ್ತಿದ್ದೆ. ಮೊತ್ತವನ್ನು ಬರೆಯುತ್ತಿದ್ದವರು ಬೇರೆ. ಪಾಸ್‌ಬುಕ್ಕಿನ ಒಳಗಿನ ಪುಟ ಹೇಗಿದೆ ಎಂದು ನಾನು ಹನ್ನೊಂದು ವರ್ಷ ನೋಡಿರಲಿಲ್ಲ. ಬಸ್ಸಿಗೆ ಕಾಸು ಎಣಿಸಿ ಕೊಡುತ್ತಿದ್ದರು. ದುಡಿಯುವುದೇ ಬೇರೆ, ದುಡ್ಡು ನಮ್ಮದಾಗುವುದೇ ಬೇರೆ ಎಂಬುದನ್ನು ಡಿಗ್ರಿ ಕೊಟ್ಟವರು ನಮಗೆ ಕಲಿಸಲಿಲ್ಲ.

ತವರಿಗೆ ಬಂದ ಮೇಲೆ ಔಷಧಿ ಶುರುವಾಯಿತು. 'ಆದದ್ದಾಯ್ತು, ಮರೆತುಬಿಡು ಮಗಳೇ' ಎಂದಳು ಅಮ್ಮ. 'ಕೆಟ್ಟ ಕನಸು ಅಂದ್ಕೊಂಡುಬಿಡೇ' ಎಂದರು ಚಿಕ್ಕಮ್ಮ. ದೇವಸ್ಥಾನದಲ್ಲಿ ಸಿಕ್ಕಿದ ಹಿರಿಯರೊಬ್ಬರು 'ಕ್ಷಮಿಸಿಬಿಡಮ್ಮ, ಕ್ಷಮಿಸಿದವರ ಮನಸ್ಸು ಹಗುರಾಗುತ್ತೆ' ಎಂದರು. ಯಾರಿಗೂ ಕೆಡುಕು ಬಗೆಯುವ ಮನಸ್ಸಿರಲಿಲ್ಲ. ಆದರೆ ಯಾರೂ 'ಏನಾಯಿತು?' ಎಂದು ಕೇಳಲಿಲ್ಲ. ಕೇಳಿದರೆ ನಾನು ಹೇಳಬೇಕಾಗುತ್ತದೆ. ಹೇಳಿದರೆ ಅವರು ಏನಾದರೂ ಮಾಡಬೇಕಾಗುತ್ತದೆ. ಮದುವೆ ಮಾಡಿಸಿದವರ ಮುಂದೆ, ಬೀಗರ ಮುಂದೆ ಬಾಯಿ ಬಿಡಬೇಕಾಗುತ್ತದೆ. 'ಮರೆತುಬಿಡು' ಎಂಬುದು ನೋವುಂಡವಳ ನೋವಿಗಿಂತ ಕೇಳುವವರ ಮುಜುಗರಕ್ಕೆ ಹೆಚ್ಚು ಒಗ್ಗುವ ಮದ್ದು ಎಂದು ನನಗೆ ಅರ್ಥವಾದದ್ದು ಆಗಲೇ.

ಮರೆಯುವುದು ನಮ್ಮ ಕೈಯಲ್ಲಿದ್ದರೆ ತಾನೆ! ಮನಸ್ಸು ಹೇಗೋ ಹೊಂದಿಕೊಳ್ಳುತ್ತದೆ, ಮೈ ಮರೆಯುವುದಿಲ್ಲ. ತವರಿನ ಬೀದಿಯಲ್ಲಿ ಸಂಜೆ ಯಾರದೋ ಸ್ಕೂಟರ್ ನಿಂತರೆ ನನ್ನ ಕೈಯ ಲೋಟ ಅಲುಗಾಡುತ್ತಿತ್ತು. ತರಗತಿಯಲ್ಲಿ ಕಪ್ಪುಹಲಗೆಯ ಕಡೆ ತಿರುಗಿ ಬರೆಯುವಾಗ ಹಿಂದೆ ಬೆಂಚು ಸರಿದರೆ ಸೀಮೆಸುಣ್ಣ ತುಂಡಾಗುತ್ತಿತ್ತು. ಮಕ್ಕಳು ನಗುತ್ತಿದ್ದರು, ನಾನೂ ನಗುತ್ತಿದ್ದೆ. ರಾತ್ರಿ ಮೂರು ಗಂಟೆಗೆ ಎಚ್ಚರವಾಗಿ ಬಾಗಿಲ ಚಿಲಕ ನೋಡಿ ಬರುತ್ತಿದ್ದೆ. 'ಇನ್ನೂ ಏನೇ ನಿಂದು?' ಎಂದು ತಮ್ಮ ಕೇಳಿದಾಗ ನನಗೇನೋ ಹುಚ್ಚು ಹಿಡಿಯುತ್ತಿರಬೇಕು ಎಂದುಕೊಂಡೆ. ಇದು ಹುಚ್ಚಲ್ಲ, ದೀರ್ಘಕಾಲ ಭಯದಲ್ಲಿ ಬದುಕಿದ ಮೈಗೆ ಬೀಳುವ ರೂಢಿ, ಇದಕ್ಕೆ ವೈದ್ಯಶಾಸ್ತ್ರದಲ್ಲಿ ಹೆಸರೂ ಇದೆ ಚಿಕಿತ್ಸೆಯೂ ಇದೆ ಎಂಬುದು ಬಹಳ ತಡವಾಗಿ ಓದಿ ತಿಳಿಯಿತು.

ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲಿ ಈ ಬಗ್ಗೆ ಒಂದು ಪುಸ್ತಕ ಬರೆದಿದ್ದಾರೆ. ಯುದ್ಧದಿಂದ ಮರಳಿದ ಸೈನಿಕರ ನೋವನ್ನೂ ಮನೆಯೊಳಗೆ ಪೆಟ್ಟು ತಿಂದ ಹೆಂಗಸರ ನೋವನ್ನೂ ಅವರು ಅಕ್ಕಪಕ್ಕ ಇಟ್ಟು ನೋಡಿದರು. ಎರಡೂ ಒಂದೇ ಜಾತಿಯವು ಎಂದರು. ಚೇತರಿಕೆಗೆ ಅವರು ಹೇಳುವ ಕ್ರಮ ಹೀಗಿದೆ: ಮೊದಲು ಸುರಕ್ಷಿತವಾದ ನೆಲೆ, ಆಮೇಲೆ ನಡೆದದ್ದನ್ನು ನೆನೆದು, ಹೇಳಿಕೊಂಡು, ಅತ್ತು ಮುಗಿಸುವುದು, ಕೊನೆಯಲ್ಲಿ ಜನರ ನಡುವೆ ಮತ್ತೆ ಬೆರೆಯುವುದು. ನಮ್ಮಲ್ಲಿ ಈ ಕ್ರಮವನ್ನು ತಲೆಕೆಳಗು ಮಾಡಿದ್ದೇವೆ. ಮೊದಲ ದಿನವೇ ಪಂಚಾಯ್ತಿ ಕೂಡಿಸಿ ರಾಜಿ ಮಾಡಿಸುತ್ತೇವೆ. ನಡುವೆ ಬಾಯಿ ಮುಚ್ಚಿಸುತ್ತೇವೆ. ಸುರಕ್ಷತೆಯನ್ನು ದೇವರಿಗೆ ಬಿಡುತ್ತೇವೆ.

ನನಗೆ ಔಷಧಿ ಸಿಕ್ಕಿದ್ದು ನಮ್ಮ ಶಾಲೆಯ ಹಿಂದಿ ಶಿಕ್ಷಕಿಯಿಂದ. ನನಗಿಂತ ಹತ್ತು ವರ್ಷ ಹಿರಿಯರು, ಮಾತು ಕಡಿಮೆ. ಒಂದು ದಿನ ಬಿಡುವಿನ ಪೀರಿಯಡ್ಡಿನಲ್ಲಿ ಉತ್ತರ ಪತ್ರಿಕೆಗಳ ಕಟ್ಟನ್ನು ಪಕ್ಕಕ್ಕೆ ಸರಿಸಿ, 'ಹೇಳಿ, ಏನಾಯ್ತು? ನಂಗೆ ಮುಂದಿನ ಪೀರಿಯಡ್ಡೂ ಇಲ್ಲ' ಎಂದರು. ನಾನು ಹೇಳಿದೆ. ಅವರು ಬುದ್ಧಿ ಹೇಳಲಿಲ್ಲ, ಅಯ್ಯೋ ಪಾಪ ಎನ್ನಲಿಲ್ಲ, 'ನೀವೇನಾದ್ರೂ ಅಂದಿದ್ರಾ?' ಎಂದೂ ಕೇಳಲಿಲ್ಲ. ಕೊನೆಗೆ 'ಅವರು ಮಾಡಿದ್ದು ತಪ್ಪು' ಎಂದರು. ಮೂರೇ ಮಾತು. ಹನ್ನೊಂದು ವರ್ಷದಲ್ಲಿ ಆ ಮೂರು ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಆ ವರ್ಷವಿಡೀ ಗುರುವಾರದ ಬಿಡುವಿನ ಪೀರಿಯಡ್ಡು ನಮ್ಮಿಬ್ಬರದು. ಹೇಳಿದ್ದನ್ನೇ ಹೇಳಿದೆ. ಅವರು ಪ್ರತಿ ಸಲವೂ ಕೇಳಿದರು. ಹೇಳುತ್ತ ಹೇಳುತ್ತ ಆ ಸಂಗತಿಗಳು ನನ್ನ ಮೈಮೇಲೆ ನಡೆಯುತ್ತಿರುವಂತೆ ಕಾಣುವುದು ನಿಂತು, ಎಂದೋ ನಡೆದುಹೋದವು ಎಂಬಂತೆ ಕಾಣತೊಡಗಿದವು. ಮಾಯುವುದು ಎಂದರೆ ಇದೇ. ಗಾಯ ಮಾಯವಾಗುವುದಿಲ್ಲ, ಮಾಯುತ್ತದೆ, ಕಲೆ ಉಳಿಯುತ್ತದೆ.

ವಿರಾಟಪರ್ವದ ಕೀಚಕನ ಪ್ರಸಂಗವನ್ನು ತರಗತಿಯಲ್ಲಿ ಹೇಳುವಾಗ ಮಕ್ಕಳೆಲ್ಲ ಕಾಯುವುದು ಭೀಮ ಕೀಚಕನನ್ನು ಮುದ್ದೆ ಮಾಡುವ ಘಟ್ಟಕ್ಕೆ. ನಾನು ಮಾತ್ರ ಸ್ವಲ್ಪ ಮೊದಲೇ ನಿಲ್ಲಿಸುತ್ತೇನೆ. ತುಂಬಿದ ಸಭೆಯಲ್ಲಿ ಕೀಚಕ ದ್ರೌಪದಿಯನ್ನು ಒದೆಯುತ್ತಾನೆ. ಕಂಕನ ವೇಷದ ಧರ್ಮರಾಯ ಅಲ್ಲೇ ಕುಳಿತಿದ್ದಾನೆ. ಅವಳನ್ನು ಅಂತಃಪುರಕ್ಕೆ ಹೋಗು ಎನ್ನುತ್ತಾನೆ. ರಾತ್ರಿ ಅವಳು ಅಡುಗೆಮನೆಗೆ ಹೋಗಿ ಭೀಮನನ್ನು ಎಬ್ಬಿಸಿ ತನ್ನ ದುಃಖವನ್ನೆಲ್ಲ ತೋಡಿಕೊಳ್ಳುತ್ತಾಳೆ. 'ಹಿರಿಯವನು ಧರ್ಮರಾಯ, ಅವನ ಹತ್ತಿರ ಯಾಕೆ ಹೋಗಲಿಲ್ಲ?' ಎಂದು ಒಮ್ಮೆ ಕೇಳಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ, ಎಂದೂ ಬಾಯಿ ಬಿಡದವಳು, ಎದ್ದು ನಿಂತು ಹೇಳಿದಳು: 'ಅವನಿಗೆ ಹೇಳೋದೇನಿದೆ ಮಿಸ್? ಅವನು ಎದುರಿಗೇ ಇದ್ನಲ್ಲ.' ಆ ಹುಡುಗಿಗೆ ಮನೆಯಲ್ಲಿ ಏನು ಕಾಣುತ್ತಿತ್ತೋ! ಧರ್ಮ, ಮರ್ಯಾದೆ, ಅಜ್ಞಾತವಾಸದ ಕಟ್ಟುಪಾಡು ಎಲ್ಲವನ್ನೂ ಕಾಪಾಡಲು ಕುಳಿತವರ ಮುಂದೆ ಹೆಣ್ಣು ಅತ್ತು ಪ್ರಯೋಜನವಿಲ್ಲ. ಎದ್ದು ಕುಳಿತು ಕೇಳುವವರ ಬಾಗಿಲನ್ನೇ ತಟ್ಟಬೇಕು.

'ಮಕ್ಕಳ ಮುಖ ನೋಡಿಕೊಂಡು ಸಹಿಸಿಕೋ' ಎಂಬ ಇನ್ನೊಂದು ಮಾತಿದೆ. ಮೂವತ್ತು ವರ್ಷ ಮಕ್ಕಳ ಮುಖ ನೋಡಿದವಳು ನಾನು. ಹಲಗೆ ಒರೆಸಲು ಡಸ್ಟರ್ ಎತ್ತಿದರೆ ತೋಳಿನಿಂದ ಮುಖ ಮುಚ್ಚಿಕೊಳ್ಳುವ ಮಗುವನ್ನು ನೋಡಿದ್ದೇನೆ. ಕೊನೆಯ ಗಂಟೆ ಬಾರಿಸಿದಾಗ ಎಲ್ಲರೂ ಓಡಿದರೆ, ಚೀಲದೊಳಗಿನ ಪುಸ್ತಕವನ್ನು ತೆಗೆದು ಇಟ್ಟು, ತೆಗೆದು ಇಟ್ಟು ತಡಮಾಡುವ ಮಗುವನ್ನು ನೋಡಿದ್ದೇನೆ. ಅಪ್ಪ ಅಮ್ಮನನ್ನು ಹೊಡೆಯುವುದನ್ನು ನೋಡಿ ಬೆಳೆದ ಹುಡುಗ ಪಕ್ಕದ ಬೆಂಚಿನ ಹುಡುಗಿಗೆ ಅದೇ ಧ್ವನಿಯಲ್ಲಿ ಗದರುವುದನ್ನು ಕೇಳಿದ್ದೇನೆ. ಮಕ್ಕಳಿಗಾಗಿ ಸಹಿಸುವ ತಾಯಿ ಮಕ್ಕಳಿಗೆ ಕೊಡುತ್ತಿರುವುದು ಆ ಮನೆಯ ಪಾಠವನ್ನೇ. ನನ್ನ ಮಗಳು ತವರಿಗೆ ಬಂದ ಮೂರನೆಯ ತಿಂಗಳು ಮೊದಲ ಸಲ ಊಟದ ನಡುವೆ ಗಟ್ಟಿಯಾಗಿ ನಕ್ಕಳು. ಅಲ್ಲಿಯವರೆಗೆ ಅವಳಿಗೆ ಅಷ್ಟು ದೊಡ್ಡ ನಗು ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಸುರಕ್ಷಿತ ನೆಲೆ ಎಲ್ಲಿಂದ ಬರಬೇಕು ಎಂದು ನೀವು ಕೇಳಬಹುದು. ಎಲ್ಲರಿಗೂ ತವರು ಇರುವುದಿಲ್ಲ. ಇದ್ದರೂ ಬಾಗಿಲು ತೆರೆದಿರುವುದಿಲ್ಲ. ನಾನು ಹೊರಬಂದಾಗ ಇಲ್ಲದಿದ್ದ ಒಂದು ಕಾನೂನು ಈಗ ಇದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆಯ 2005ರ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದು ಹೊಡೆತವನ್ನು ಮಾತ್ರ ಹಿಂಸೆ ಎನ್ನುವುದಿಲ್ಲ. ಬೈಗುಳ, ಅವಮಾನ, ಬಲವಂತದ ಸಂಭೋಗ, ಸಂಬಳ ಕಿತ್ತುಕೊಳ್ಳುವುದು, ಸ್ತ್ರೀಧನ ನುಂಗುವುದು ಎಲ್ಲವನ್ನೂ ಹೆಸರಿಸುತ್ತದೆ. ಆ ಪಟ್ಟಿಯನ್ನು ಮೊದಲ ಸಲ ಓದಿದಾಗ ಹಣ ತೆಗೆಯುವ ಚೀಟಿಗೆ ಸಹಿ ಹಾಕಿದ ನನ್ನ ಹನ್ನೊಂದು ವರ್ಷಗಳಿಗೂ ಒಂದು ಹೆಸರು ಸಿಕ್ಕಿತು. ಮನೆ ಯಾರ ಹೆಸರಿನಲ್ಲಿದ್ದರೂ ಒಟ್ಟಾಗಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಹೆಣ್ಣಿಗಿದೆ ಎನ್ನುತ್ತದೆ ಈ ಕಾಯ್ದೆ; ಸೊಸೆಯಾಗಿ ಬಾಳಿದ ಮನೆ ಅತ್ತೆ ಮಾವಂದಿರ ಹೆಸರಿನಲ್ಲಿದ್ದರೂ ಈ ಹಕ್ಕನ್ನು ಕೇಳಬಹುದು ಎಂದು 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಇದಕ್ಕಾಗಿ ವಿಚ್ಛೇದನ ಕೇಳಬೇಕಾಗಿಲ್ಲ. ಮ್ಯಾಜಿಸ್ಟ್ರೇಟರು 'ಹತ್ತಿರ ಸುಳಿಯಬೇಡ' ಎಂದು ಆದೇಶ ಕೊಟ್ಟ ಮೇಲೂ ಮೀರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೇ ಸಂರಕ್ಷಣಾಧಿಕಾರಿಯ ಹೊಣೆ ವಹಿಸಿದ್ದಾರೆ. ಅಂಗನವಾಡಿ ಟೀಚರನ್ನು ಕೇಳಿದರೆ ಆ ಕಚೇರಿಯ ದಾರಿ ತಿಳಿಯುತ್ತದೆ. ವಕೀಲರ ಫೀಸಿಗೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಲ್ಲಿ, ಆದಾಯ ಎಷ್ಟೇ ಇರಲಿ, ಹೆಣ್ಣಿಗೆ ಉಚಿತ ವಕೀಲರ ನೆರವು ಉಂಟು.

ಕಾನೂನಿನ ಮಾತು ಎತ್ತಿದೊಡನೆ 'ಹೆಂಗಸರು ದುರುಪಯೋಗ ಮಾಡುತ್ತಾರೆ' ಎಂಬ ಪಲ್ಲವಿ ಶುರುವಾಗುತ್ತದೆ. 1983ರಲ್ಲಿ ಬಂದ 498ಎ ಕಲಮಿನ ಬಗ್ಗೆ ಈ ಮಾತು ಎಷ್ಟು ಬೆಳೆಯಿತೆಂದರೆ ಬೇಕಾಬಿಟ್ಟಿ ಬಂಧಿಸಬಾರದೆಂದು 2014ರಲ್ಲಿ ಸುಪ್ರೀಂ ಕೋರ್ಟೇ ಕಟ್ಟಪ್ಪಣೆ ಮಾಡಿತು. ಆ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಮುಗಳಾಗಿ ಮುಂದುವರಿದಿದೆ. ಸುಳ್ಳು ದೂರು ಕೊಡುವವರು ಇರಬಹುದು. ಸುಳ್ಳು ಹೇಳುವವರಿಲ್ಲದ ಕಾನೂನು ಯಾವುದಿದೆ? ಜಮೀನಿನ ವ್ಯಾಜ್ಯಗಳಲ್ಲಿ ಸುಳ್ಳು ಸಾಕ್ಷಿ ಹೇಳುವವರಿದ್ದಾರೆಂದು ಯಾರೂ ಹೊಲದ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟಿಲ್ಲ. ಮೇಲೆ ಹೇಳಿದ ಸಮೀಕ್ಷೆಯಲ್ಲೇ ಇನ್ನೊಂದು ಲೆಕ್ಕವಿದೆ. ದೇಶದಲ್ಲಿ ದೈಹಿಕ ಇಲ್ಲವೇ ಲೈಂಗಿಕ ಹಿಂಸೆ ಉಂಡ ಹೆಣ್ಣುಮಕ್ಕಳಲ್ಲಿ ನೆರವು ಕೇಳಿದವರು ಶೇ. 14. ನೆರವು ಕೇಳುವುದಿರಲಿ, ಯಾರಿಗೂ ಬಾಯಿಬಿಟ್ಟು ಹೇಳದವರು ಶೇ. 77. ತಾಯಿಗೂ ಹೇಳದವಳು ಠಾಣೆಗೆ ಹೋಗಿ ಕಾನೂನನ್ನು ದುರುಪಯೋಗ ಮಾಡುತ್ತಾಳೆಯೇ? ಲೆಕ್ಕ ನೀವೇ ಹಾಕಿ.

ಕಾನೂನು ನೆಲೆ ಕೊಡಬಹುದು. ಭರವಸೆಯನ್ನು ಯಾವ ಕೋರ್ಟೂ ಕೊಡಲಾರದು. ಅದು ಬಹಳ ಸಣ್ಣ ಸಣ್ಣ ವಸ್ತುಗಳಲ್ಲಿ ಬರುತ್ತದೆ. ಹೊರಬಂದ ಮೇಲೆ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು ಮೊದಲ ಸಂಬಳ ತೆಗೆದ ದಿನ, ಹಣ ಹಿಡಿದು ಬ್ಯಾಂಕಿನ ಮೆಟ್ಟಿಲ ಮೇಲೆ ಸುಮ್ಮನೆ ನಿಂತುಬಿಟ್ಟೆ. ಏನು ಕೊಳ್ಳಬೇಕೆಂದೇ ತೋಚಲಿಲ್ಲ. ನನಗೆ ಏನಿಷ್ಟ ಎಂಬುದೇ ಮರೆತುಹೋಗಿತ್ತು. ತಳ್ಳುಗಾಡಿಯವನ ಹತ್ತಿರ ಅರ್ಧ ಕೆ.ಜಿ. ದ್ರಾಕ್ಷಿ ಕೊಂಡೆ. ಮನೆಗೆ ಒಯ್ಯುವಷ್ಟು ತಾಳ್ಮೆ ಇರಲಿಲ್ಲ, ದಾರಿಯುದ್ದಕ್ಕೂ ತಿನ್ನುತ್ತ ಬಂದೆ. ಮೇಡಂ ಬೀದಿಯಲ್ಲಿ ತಿನ್ನುತ್ತಿದ್ದಾರೆಂದು ಮಕ್ಕಳು ನೋಡಿದರು. ನೋಡಲಿ ಬಿಡಿ! ಆ ವರ್ಷವೇ ಒಂದು ಬಾಡಿಗೆ ಮನೆ ಹಿಡಿದೆ. ಒಳಗಿನ ಚಿಲಕವನ್ನು ನಾನೇ ಹಾಕಿ, ನಾನೇ ತೆಗೆಯುವ ಮನೆ. ಮೊದಲ ಸಲ ರಾತ್ರಿಯಿಡೀ ನಿದ್ದೆ ಬಂದದ್ದು ಅಲ್ಲಿಗೆ ಹೋದ ಒಂದು ವರ್ಷದ ಮೇಲೆ.

ಕ್ಷಮೆಯ ಬಗ್ಗೆಯೂ ಒಂದು ಮಾತು. ನಾನು ಕ್ಷಮಿಸಿಲ್ಲ. ಆದರೂ ಈಗ ನನಗೆ ಚೆನ್ನಾಗಿ ನಿದ್ದೆ ಬರುತ್ತದೆ, ಊಟ ಸೇರುತ್ತದೆ, ಮಕ್ಕಳಿಗೆ ಪಾಠ ಹೇಳುತ್ತೇನೆ, ಮಗಳ ಮದುವೆ ಅವಳ ಇಷ್ಟದಂತೆ ಮಾಡಿದ್ದೇನೆ. ಕ್ಷಮಿಸಬೇಕೆನ್ನುವವರು ಕ್ಷಮಿಸಲಿ, ಅದು ಅವರ ದೊಡ್ಡತನ. ಆದರೆ ಕ್ಷಮೆ ಕೇಳದವನನ್ನು ಕ್ಷಮಿಸದಿದ್ದರೆ ನಿನಗೆ ಶಾಂತಿಯಿಲ್ಲ ಎಂದು ನೊಂದವಳನ್ನು ಹೆದರಿಸುವುದನ್ನು ನಿಲ್ಲಿಸಿ. ಪೆಟ್ಟು ತಿಂದದ್ದಲ್ಲದೆ ಈ ಹೊಣೆಯನ್ನೂ ಅವಳೇ ಹೊರಬೇಕೆ?

ನಮ್ಮೂರಿನ ಮಹಿಳಾ ಸಮಾಜಕ್ಕೆ ಅಕ್ಕಮಹಾದೇವಿಯ ಹೆಸರು. ಗೋಡೆಯ ಮೇಲೆ ಅಕ್ಕನ ದೊಡ್ಡ ಪಟವಿದೆ, ಅದಕ್ಕೆ ದಿನವೂ ಹೂವು ಮುಡಿಸುತ್ತಾರೆ. ಕೌಶಿಕನ ಅರಮನೆಯನ್ನು ಧಿಕ್ಕರಿಸಿ ಹೊರಟವಳು ಅಕ್ಕ. ಕಲ್ಯಾಣಕ್ಕೆ ಬಂದಾಗ ಅನುಭವ ಮಂಟಪದಲ್ಲಿ ಅಲ್ಲಮ ಅವಳನ್ನು ಕಟುವಾಗಿಯೇ ಪ್ರಶ್ನಿಸಿದನೆಂದು ಶೂನ್ಯಸಂಪಾದನೆ ಹೇಳುತ್ತದೆ. ಪ್ರಶ್ನೆ ಕೇಳಿದರು, ಉತ್ತರ ಕೇಳಿಸಿಕೊಂಡರು, ಅಕ್ಕ ಎಂದು ಕರೆದು ಜಾಗ ಕೊಟ್ಟರು. ಅರಮನೆಗೆ ವಾಪಸು ಕಳಿಸಲು ಯಾರೂ ಪಂಚಾಯ್ತಿ ಕೂಡಿಸಲಿಲ್ಲ. ಎಂಟುನೂರು ವರ್ಷಗಳ ಮೇಲೆ, ಅದೇ ಪಟದ ಕೆಳಗೆ ನಡೆಯುವ ಅರಿಶಿನ ಕುಂಕುಮಕ್ಕೆ ಗಂಡನನ್ನು ಬಿಟ್ಟು ಬಂದವಳನ್ನು ಕರೆಯಬೇಕೋ ಬೇಡವೋ ಎಂದು ನಾವು ಗುಸುಗುಸು ಮಾಡುತ್ತೇವೆ. ಪಟಕ್ಕೆ ಕಿವಿಯಿದ್ದಿದ್ದರೆ ಅದು ಗೋಡೆಯ ಮೇಲೆ ನಿಲ್ಲುತ್ತಿರಲಿಲ್ಲ.

ಆದ್ದರಿಂದ ಇದನ್ನು ಓದುತ್ತಿರುವ ಅಕ್ಕ ತಂಗಿಯರಲ್ಲಿ ನನ್ನ ಬೇಡಿಕೆ ಇಷ್ಟೇ. ನಿಮ್ಮ ಮಗಳೋ, ಪಕ್ಕದ ಮನೆಯವಳೋ, ಪಾತ್ರೆ ತೊಳೆಯಲು ಬರುವವಳೋ ಒಂದು ದಿನ ಬಂದು ನಿಮ್ಮ ಜಗಲಿಯ ಮೇಲೆ ಕುಳಿತರೆ, 'ನೀನೇನು ಮಾಡಿದೆ?' ಎಂದು ಕೇಳಬೇಡಿ. 'ಹೊಂದಿಕೊಂಡು ಹೋಗು', 'ಮರೆತುಬಿಡು' ಎಂಬ ಮಾತುಗಳನ್ನು ಆ ದಿನ ಬಾಯಿಗೆ ತರಬೇಡಿ. ಅವಳು ಹೇಳಿದ್ದನ್ನು ನಂಬಿ. ಅವಳ ಆಧಾರ್ ಕಾರ್ಡು, ಪಾಸ್‌ಬುಕ್ಕು, ಮಕ್ಕಳ ಶಾಲೆಯ ಕಾಗದಗಳು ಎಲ್ಲಿವೆ ಎಂದು ವಿಚಾರಿಸಿ. ನಿಮ್ಮ ಬೀರುವಿನಲ್ಲಿ ಇಟ್ಟುಕೊಳ್ಳಲು ಒಂದು ಮೂಲೆ ಕೊಡಿ. ಮಹಿಳಾ ಸಹಾಯವಾಣಿ 181, ಪೊಲೀಸರಿಗೆ 112. 2015ರಿಂದ ಜಿಲ್ಲಾ ಕೇಂದ್ರಗಳಲ್ಲಿ ತೆರೆಯಲಾದ ಸಖಿ ಕೇಂದ್ರಗಳಲ್ಲಿ ವೈದ್ಯರು, ಪೊಲೀಸರು, ವಕೀಲರ ನೆರವೂ ತಾತ್ಕಾಲಿಕ ಆಶ್ರಯವೂ ಒಂದೇ ಕಡೆ ಸಿಗಬೇಕೆಂಬ ಏರ್ಪಾಡಿದೆ. ರಾತ್ರಿ ನಿದ್ದೆ ಬಾರದೆ ಕೈಕಾಲು ನಡುಗುತ್ತಿದ್ದರೆ 2022ರಲ್ಲಿ ಶುರುವಾದ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಇವನ್ನು ಕ್ಯಾಲೆಂಡರಿನ ಮೂಲೆಯಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ ಬರೆದಿಡಿ. ಬೇಕಾದವಳ ಕಣ್ಣಿಗೆ ಬೀಳುತ್ತದೆ.

ಗಾದೆಯನ್ನು ಅಷ್ಟು ಸುಲಭಕ್ಕೆ ಬಿಡಲಾಗದಿದ್ದರೆ ಅದರ ಎರಡು ಶಬ್ದಗಳನ್ನಾದರೂ ಸರಿಯಾದ ಕೆಲಸಕ್ಕೆ ಹಚ್ಚೋಣ. ಜಗಲಿಯ ಮೇಲೆ ಕುಳಿತವಳನ್ನು ಒಳಗೆ ಕರೆದು ಮೊದಲು ಕೇಳಿ: 'ಉಂಡೆಯೇನಮ್ಮ? ಇವತ್ತು ರಾತ್ರಿ ಎಲ್ಲಿ ಮಲಗ್ತೀಯ?' ಉಳಿದ ಮಾತು ಬೆಳಗಾದ ಮೇಲೆ ಆಡಬಹುದು.